ಚನಮಲ್ಲಪ್ಪನ ಪಾಲು

ಚನಮಲ್ಲಪ್ಪ ಸತ್ತು ಮಣ್ಣಾದ ಮೇಲೂ ಅಮಾವಾಸ್ಯೆಗೊಮ್ಮೆ ಮನೆಗೆ ಬರುವುದನ್ನು ಬಿಟ್ಟಿರಲಿಲ್ಲ. ಬದುಕಿದ್ದಾಗ ಹಬ್ಬದ ದಿನವೂ ಹೊತ್ತಿಗೆ ಸರಿಯಾಗಿ ಮನೆ ಸೇರದ ಮನುಷ್ಯ, ಸತ್ತ ಮೇಲೆ ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ. ಬನಹಟ್ಟಿಯ ಆ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಎಲ್ಲರ ಮನೆಯ ದೋಸೆಯೂ ತೂತೇ ಎಂದು ಸುಮ್ಮನಿದ್ದರು.

ಅವನು ಬರುತ್ತಿದ್ದುದು ಹೆಂಡತಿ ಇಂದ್ರವ್ವನ ಮೈಮೇಲೆ. ಅಮಾವಾಸ್ಯೆಯ ದಿನ ಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ಮಗ್ಗ ಓಡಿಸುತ್ತಿರಲಿಲ್ಲ. ಉಳಿದ ದಿನವೆಲ್ಲ ಗೋಡೆ ನಡುಗಿಸುವ ವಿದ್ಯುತ್ ಮಗ್ಗಗಳು ಅಂದು ನಿಂತಿರುತ್ತಿದ್ದರಿಂದ ಒಳಗೆ ಉಸಿರಾಡಿದ್ದೂ ಕೇಳುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಇಂದ್ರವ್ವ ಶೆಡ್ಡಿಗೆ ಹೋಗಿ, ಗಂಡ ನೇಯುತ್ತಿದ್ದ ಮಗ್ಗದ ಮುಂದೆ ಕೂತು, ಅವನ ಟವೆಲ್ಲನ್ನು ತಲೆಯ ಮೇಲೆ ಹೊದ್ದುಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೆಮ್ಮು ಸುರುವಾಗುತ್ತಿತ್ತು. ನೂಲಿನ ಧೂಳು ಎದೆಗಿಳಿದ ಗಂಡಸಿನ ಕೆಮ್ಮು ಅದು, ಕೊನೆಗೊಂದು ಸಿಳ್ಳಿನಂಥ ಎಳೆತ. ಆಮೇಲೆ ದಪ್ಪ ದನಿಯಲ್ಲಿ ಒಂದೇ ಮಾತು.

"ನನ್ನ ಪಾಲು ಎಲ್ಲೈತಿ?"

ಪಾಲೆಂದರೆ ಶೆರೆ, ಅಂಗಡಿಯ ಹೆಂಡ. ಹಿರಿಯರಿಗೆ ಎಡೆ ಇಡುವಾಗ ಸತ್ತವರಿಗೆ ಏನು ಸೇರುತ್ತಿತ್ತೋ ಅದನ್ನೇ ಇಡುವುದು ಈ ಕಡೆಯ ಪದ್ಧತಿ. ಎಲೆ-ಅಡಿಕೆ ಹಾಕುತ್ತಿದ್ದವರಿಗೆ ಎಲೆ-ಅಡಿಕೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಚನಮಲ್ಲಪ್ಪನಿಗೆ ಬೀಡಿಯ ಜೊತೆ ಒಂದು ಕ್ವಾರ್ಟರು ಬೇಕಾಗುತ್ತಿತ್ತು. ಮಗ ವೀರೇಶ ಅದನ್ನು ಸ್ಟೀಲಿನ ಲೋಟಕ್ಕೆ ಸುರಿದು ಕೊಡುತ್ತಿದ್ದ. ಟವೆಲ್ಲಿನ ಒಳಗೆ ಅರ್ಧ ಖಾಲಿಯಾಗುತ್ತಿತ್ತು, ಉಳಿದರ್ಧ ಮಗನ ಕಡೆ ಬರುತ್ತಿತ್ತು. ಸತ್ತ ಅಪ್ಪ ಕೈಯಾರೆ ಕೊಟ್ಟ ಪ್ರಸಾದಕ್ಕೆ ಒಲ್ಲೆ ಎನ್ನಲು ಯಾರಿಗೆ ಎದೆ ಇದ್ದೀತು? ಮರುದಿನ ಇಂದ್ರವ್ವ ಹಣೆಗೆ ಬಟ್ಟೆ ಬಿಗಿದುಕೊಂಡು ಚಹಾ ಕುಡಿಯುತ್ತ, ನಿನ್ನೆ ಅವರು ಬಂದಿದ್ದರೇನು, ಏನಂದರು ಎಂದು ಕೇಳುತ್ತಿದ್ದಳು. ತನಗೆ ಏನೂ ನೆನಪಿಲ್ಲ ಎನ್ನುತ್ತಿದ್ದಳು.

ವೀರೇಶನಿಗೆ ಆ ಅರ್ಧ ಲೋಟ ಸಾಲುತ್ತಿರಲಿಲ್ಲ, ಮನೆಯ ಕಷ್ಟವೆಲ್ಲ ಅದೇ. ಅಮಾವಾಸ್ಯೆಗೆ ಹಿಡಿದವನು ಹುಣ್ಣಿಮೆ ಕಂಡರೂ ಬಿಡುತ್ತಿರಲಿಲ್ಲ. ಮಗ್ಗದ ಕೆಲಸ, ಅಡುಗೆ, ನೂಲು ಕೊಡುವ ಸಾಹುಕಾರನ ಬೈಗುಳ ಎಲ್ಲ ಹೆಂಡತಿ ಮಧುಮತಿಯ ತಲೆಗೆ ಬರುತ್ತಿದ್ದವು. ಅವಳು ಅವನನ್ನು ಪಂಢರಪುರಕ್ಕೆ ಕರೆದುಕೊಂಡು ಹೋಗಿ ತುಳಸಿ ಮಾಲೆ ಹಾಕಿಸಿದಳು. ಮಾಲೆ ಹಾಕಿ ಕುಡಿದರೆ ಉಳಿಯುವುದಿಲ್ಲ ಎಂಬ ಅಂಜಿಕೆಗೆ ಎಷ್ಟೋ ಮಂದಿ ಬಿಟ್ಟಿದ್ದಾರೆ. ಇವನೂ ಬಿಟ್ಟ. ಅಮಾವಾಸ್ಯೆ ಬಂತು, ಲೋಟ ಮುಂದೆ ಬಂತು. ವೀರೇಶ ಮಾಲೆ ತೆಗೆದು ಗೋಡೆಯ ಮೊಳೆಗೆ ತೂಗುಹಾಕಿ ಕುಡಿದ. ವಿಠಲ ದೂರದವನು, ಅಪ್ಪ ಎದುರಿಗೇ ಇದ್ದ.

ಆ ಸಲ ಅವನು ರಕ್ತ ಕಾರಿದ. ಜಮಖಂಡಿಯ ಆಸ್ಪತ್ರೆಯಲ್ಲಿ ಡಾಕ್ಟರು ಮಧುಮತಿಯನ್ನು ಕರೆದು, ಲಿವರ್ ಹೋಗುವ ಹಂತಕ್ಕೆ ಬಂದಿದೆ, ಇನ್ನೊಂದು ಸಲ ಹಿಡಿದರೆ ಇಲ್ಲಿಗೆ ತರುವುದು ಬೇಡ, ತಂದರೂ ಉಪಯೋಗವಿಲ್ಲ ಎಂದು ಮುಚ್ಚುಮರೆ ಇಲ್ಲದೆ ಹೇಳಿದರು. ಅವಳು ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಡ್ರೆಸ್ಸಿಂಗ್ ಮಾಡುತ್ತಿದ್ದ ಮಾದೇವಿ ಎಂಬ ನರ್ಸಬಾಯಿ ಅವಳನ್ನು ಪಕ್ಕಕ್ಕೆ ಕರೆದು, ಇದೇ ಊರಿನಲ್ಲಿ ಕುಡಿತ ಬಿಟ್ಟವರು ಭಾನುವಾರ ಸಂಜೆ ಒಂದು ಕಡೆ ಕೂಡುತ್ತಾರೆ, ತನ್ನ ಅಣ್ಣನೂ ಹೋಗುತ್ತಾನೆ, ಹಳೆಯ ಕನ್ನಡ ಸಾಲೆಯ ಹಿಂದೆ ಎಂದಳು.

ಕುಡಿದವರ ಮನೆಯವರಿಗೆ ಊರೆಲ್ಲ ಬುದ್ಧಿ ಹೇಳುತ್ತದೆ, ದಾರಿ ಕೇಳಿದರೆ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಮುಂದಿನ ಭಾನುವಾರ ಗಂಡ-ಹೆಂಡತಿ ಗಾಡಿಯ ಮೇಲೆ ಜಮಖಂಡಿಗೆ ಹೋದರು. ಸಾಲೆ ಸಿಕ್ಕಿತು, ಸಭೆ ಸಿಗಲಿಲ್ಲ. ಬೋರ್ಡಿಲ್ಲ, ಬಾಗಿಲಲ್ಲಿ ಚಪ್ಪಲಿಗಳಿಲ್ಲ. ಚಹಾ ಅಂಗಡಿಯವನನ್ನು ಕೇಳಿದರೆ ಅವನು ನಕ್ಕ.

"ಬಿಟ್ಟವರ ಸಭಾ ಅಂದ್ರೇನ್ರಿ? ಬಿಟ್ಟವರು ಯಾರರ ಇದ್ರ ತಾನ ಸಭಾ ಆಗೂದು."

ಅವರು ಸಾಲೆಯ ಹಿಂದಿನ ಸಂದಿಗೆ ಹೋದರು. ಎತ್ತರದಲ್ಲಿ ಒಂದು ಕಿಟಕಿ ಇತ್ತು. ಅದರೊಳಗಿಂದ ಐದಾರು ಗಂಡಸರು ಒಟ್ಟಿಗೆ ಏನೋ ಹೇಳುವುದು ಕೇಳಿಸಿತು. ಹಾಡಲ್ಲ, ಮಂತ್ರವಲ್ಲ, ತಗ್ಗಿದ ದನಿಯಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. ಬಾಗಿಲು ಹುಡುಕುತ್ತ ಗೋಡೆ ಸುತ್ತಿ ಮುಂದೆ ಬಂದರೆ ಬಾಗಿಲಿಗೆ ಕೀಲಿ ಬಿದ್ದಿತ್ತು. ಮತ್ತೆ ಕಿಟಕಿಯ ಕೆಳಗೆ ಬಂದರೆ ಒಳಗೆ ಸದ್ದಿಲ್ಲ. ಸಂದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ವೀರೇಶ ಗಾಡಿಯ ಕಡೆ ತಿರುಗಿದ.

"ನಡಿ ಹೋಗೂಣು," ಎಂದ ಅವನು. "ಇವೂ ನಮ್ಮಪ್ಪನಂಥಾವ ಇರಬೇಕು."

ಮನೆಯಲ್ಲಿ ಈ ಸುದ್ದಿ ಕೇಳಿ ಇಂದ್ರವ್ವನಿಗೆ ಒಳಗೊಳಗೆ ಸಮಾಧಾನವಾಯಿತು. ಕಂಡವರ ಮುಂದೆ ಹೋಗಿ ತಾನು ಕುಡುಕ ಎಂದು ಹೇಳಿಕೊಳ್ಳುವುದು ಯಾವ ಶಾಣ್ಯಾತನ ಎಂದು ರೊಟ್ಟಿ ಬಡಿಯುತ್ತಲೇ ಕೇಳಿದಳು. ಹತ್ತನೆಯ ಇಯತ್ತೆಯಲ್ಲಿದ್ದ ವೀರೇಶನ ಮಗಳು ಕಾವ್ಯ ಪುಂಡಿಪಲ್ಯೆ ಕಲಸುತ್ತ ಅಜ್ಜಿಯನ್ನು ನೋಡಿದಳು.

"ಆಯಿ, ಅಜ್ಜ ಬಂದಾಗೊಮ್ಮೆ ಬರೇ ಕುಡಿಯೂದನ್ನ ಯಾಕ ಕೇಳ್ತಾನ? ನನ್ನ ಮಾರ್ಕ್ಸ್ ಒಂದಿನಾನೂ ಕೇಳಿಲ್ಲ."

"ಸತ್ತವರ ಸುದ್ದಿ ಉಣ್ಣುವಾಗ ಬ್ಯಾಡ," ಎಂದಳು ಇಂದ್ರವ್ವ. ಅವಳ ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಸರಿಯಾಗಿ ಬೀಳದೆ ಮಡಚಿಕೊಂಡಿತು.

ಮಧುಮತಿ ಹಟಮಾರಿ. ಮಾದೇವಿಗೆ ಫೋನು ಮಾಡಿ ಅವಳ ಅಣ್ಣನಿಂದ ಒಂದು ನಂಬರು ಪಡೆದಳು. ಆ ಕಡೆಯಿಂದ ವಯಸ್ಸಾದವರೊಬ್ಬರು, ಕೀಲಿ ಹಾಕಿದ್ದು ಮುಂದಿನ ಬಾಗಿಲು, ಸಭೆಗೆ ಬರುವವರಿಗೆ ಆಚೆ ಓಣಿಯಲ್ಲಿ ಬೇರೆ ಬಾಗಿಲಿದೆ, ಊರವರ ಕಣ್ಣು ತಪ್ಪಿಸಲೆಂದೇ ಹಾಗೆ ಮಾಡಿಕೊಂಡಿದ್ದೇವೆ ಎಂದು ಮರಾಠಿ ಬೆರೆಸಿದ ಕನ್ನಡದಲ್ಲಿ ಹೇಳಿದರು. ಹೆಸರು ಕೇಳಿದ್ದಕ್ಕೆ ರಘೂತ್ತಮ ಎಂದಷ್ಟೇ ಹೇಳಿದರು. ಮನೆತನದ ಅಡ್ಡಹೆಸರು ಹೇಳಲಿಲ್ಲ. ಇವರದನ್ನೂ ಕೇಳಲಿಲ್ಲ.

ಭಾನುವಾರ ರಘೂತ್ತಮರು ಓಣಿಯ ತುದಿಯಲ್ಲಿ ನಿಂತಿದ್ದರು. ಬಿಳಿ ಪಾಯಿಜಾಮದ ತೆಳ್ಳನೆಯ ಮನುಷ್ಯ. ಒಳಗೆ ದುಂಡಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಏಳೆಂಟು ಗಂಡಸರು ಕೂತಿದ್ದರು. ಮುಧೋಳದ ಕಡೆಯ ಒಬ್ಬ ಬಸ್ ಡ್ರೈವರು, ಬೀಳಗಿಯ ಒಬ್ಬ ಮೇಷ್ಟ್ರು, ಒಬ್ಬ ಎಳೆಯ ಗಡ್ಡದವನು. ಮಧುಮತಿ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತಳು. ನಮ್ಮ ಕಡೆ ಹೊಸಬರು ಸಿಕ್ಕರೆ ಮೊದಲ ಮಾತೇ ನೀವು ಯಾರ ಪೈಕಿ ಎಂಬುದು. ಇಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಅವಳಿಗೆ ಅದೇ ಮೊದಲು ಅಂಜಿಕೆ ತಂದಿತು. ಮನೆತನ, ಊರು, ಬಳಗ ಯಾವುದೂ ಇಲ್ಲದ ಬರೀ ಹೆಸರುಗಳು ಒಂದೊಂದಾಗಿ ಎದ್ದು ಮಾತಾಡುತ್ತಿದ್ದವು.

"ನಾನು ರಘೂತ್ತಮ. ನಾನು ಕುಡುಕ."

"ನಮಸ್ಕಾರ ರಘೂತ್ತಮ," ಎಂದರು ಎಲ್ಲರೂ ಒಟ್ಟಿಗೆ. ಕಿಟಕಿಯಿಂದ ಕೇಳಿದ್ದ ಅದೇ ತಗ್ಗಿದ ದನಿ.

ಅವರು ಹೇಳಿದ ಕತೆಗಳನ್ನು ಅವಳು ಮನೆಯಲ್ಲಿ ಹೇಳಲಿಲ್ಲ, ಹೇಳಬಾರದೆಂದು ರಘೂತ್ತಮರು ಕೈ ಮುಗಿದಿದ್ದರು. ಸತ್ತು ತಿರುಗಿ ಬಂದವರು ಕೂತು ತಾವು ಸತ್ತದ್ದು ಹೇಗೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡಂತೆ ಅವಳಿಗೆ ಕೇಳಿತು. ನಡುನಡುವೆ ನಗುತ್ತಿದ್ದರು ಕೂಡ, ಅದು ಇನ್ನೂ ಮೈ ಜುಂ ಎನ್ನಿಸಿತು. ವೀರೇಶ ಅಂದು ಬಾಯಿ ಬಿಡಲಿಲ್ಲ. ಹೊರಗೆ ಬಂದು ಗಾಡಿ ಚಾಲೂ ಮಾಡುತ್ತ, ಮುಂದಿನ ವಾರವೂ ಬರೋಣ ಎಂದ.

ಎರಡು ವಾರ ಕಳೆದವು. ವೀರೇಶ ಬೆಳಗ್ಗೆ ತಾನೇ ಎದ್ದು ಮಗ್ಗದ ಮುಂದೆ ನಿಲ್ಲುತ್ತಿದ್ದ. ಹಸಿವು ತಿರುಗಿ ಬಂದಿತ್ತು. ಮಧುಮತಿ ಎಣ್ಣೆಗಾಯಿ ಮಾಡಿದ ದಿನ ಮತ್ತೊಂದು ರೊಟ್ಟಿ ಕೇಳಿದ. ಅವಳು ಹಂಚಿನ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಇಷ್ಟು ಸಣ್ಣದಕ್ಕೆ ಇಷ್ಟು ಸಂತೋಷವಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಆದರೆ ಚಂದ್ರ ಸವೆದಂತೆ ಇಂದ್ರವ್ವ ಸವೆಯತೊಡಗಿದಳು. ನೂಲಿನ ಕಂಡಿಕೆ ಸುತ್ತುವಾಗ ಅವಳ ಬೆರಳು ನಡುಗಿ ಎಳೆ ಹರಿಯುತ್ತಿತ್ತು. ಊಟಕ್ಕೆ ಕರೆದರೆ ಸಿಡುಕುತ್ತಿದ್ದಳು, ಬಿಸಿಲಿನಲ್ಲಿ ಕೂತೂ ಮೈ ಬೆವರಿ ಚಳಿ ಎನ್ನುತ್ತಿದ್ದಳು. ಚನಮಲ್ಲಪ್ಪ ಬರುವ ಹೊತ್ತು ಹತ್ತಿರ ಬಂತು, ಅದಕ್ಕೇ ಹೀಗೆ ಎಂದು ಓಣಿಯ ಹೆಂಗಸರು ಹೇಳಿದರು. ಮಧುಮತಿಯೂ ಹಾಗೆಯೇ ತಿಳಿದಳು. ಹೊತ್ತಲ್ಲದ ಹೊತ್ತಿನಲ್ಲಿ ಶೆಡ್ಡಿನಿಂದ ಆ ಕೆಮ್ಮು ಕೇಳಿದಂತಾಗಿ ಅವಳು ಮಗ್ಗ ನಿಲ್ಲಿಸಿ ಕಿವಿಗೊಡುತ್ತಿದ್ದಳು. ನಿಂತ ಮಗ್ಗದ ಹಿಂದೆ ಯಾರೂ ಇರುತ್ತಿರಲಿಲ್ಲ.

ಅಮಾವಾಸ್ಯೆ ಎರಡು ದಿನ ಇದೆ ಎನ್ನುವಾಗ ಇಂದ್ರವ್ವ ಮಗನನ್ನು ತಡೆದು ನಿಲ್ಲಿಸಿದಳು.

"ಅಪ್ಪನ ಪಾಲು ತಂದಿಟ್ಟೀಯೇನು?"

"ಇಲ್ಲಬೇ ಅವ್ವಾ. ನಾ ಆ ಅಂಗಡಿ ಮೆಟ್ಟಲಾ ಹತ್ತಂಗಿಲ್ಲ."

"ಹತ್ತಬ್ಯಾಡ. ನಿಮ್ಮಪ್ಪ ಒಣಾ ಗಂಟಲ್ಲೆ ತಿರುಗಿ ಹೋಗ್ಲಿ. ನಾಳೆ ಈ ಮನಿಗೆ ಏನರ ಆದ್ರ ನಿನ್ನ ಹೇಣ್ತೀನ ಕೇಳ."

ಮಧುಮತಿಗೆ ತಡೆಯಲಾಗಲಿಲ್ಲ. ಆಗಬಾರದ್ದು ಆಗಿ ಗಂಡನನ್ನು ಆಸ್ಪತ್ರೆಯಲ್ಲಿ ನೋಡಿದ್ದೇನೆ, ಇನ್ನೇನು ಆಗುವುದಿದೆ ಎಂದು ಅತ್ತೆಯ ಮುಖಕ್ಕೇ ಹೇಳಿದಳು. ಬದುಕಿದ್ದಾಗ ಸೊಸೆಯ ಕೈಯ ಒಂದು ತುತ್ತನ್ನು ಹೊಗಳದ ಮಾವ ಸತ್ತ ಮೇಲೆ ಮಗನ ಜೀವ ಕೇಳುತ್ತಾನೆಂದರೆ ಅವನೆಂಥ ಹಿರಿಯ ಎಂದೂ ಕೇಳಿದಳು. ಇಂದ್ರವ್ವ ಎರಡೂ ಕಿವಿ ಮುಚ್ಚಿಕೊಂಡಳು. ಆ ಸಂಜೆ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಮಧುಮತಿ ಗಂಡನನ್ನು ತನ್ನ ತವರು ಗಲಗಲಿಗೆ ಕರೆದುಕೊಂಡು ಹೊರಟಳು. ಮಗನೇ ಇಲ್ಲದಿದ್ದರೆ ಮಾವ ಲೋಟ ಯಾರ ಮುಂದೆ ಹಿಡಿಯುತ್ತಾನೆ ಎಂಬುದು ಅವಳ ಲೆಕ್ಕ. ಕಾವ್ಯಳನ್ನೂ ಕರೆದಳು, ನಾಳೆ ಟೆಸ್ಟ್ ಇದೆ ಎಂದು ಅವಳು ಒಲ್ಲೆ ಎಂದಳು. ಕಾವ್ಯಳಿಗೆ ಅಜ್ಜನ ಅಂಜಿಕೆ ಇರಲಿಲ್ಲ, ಗಣಿತದ ಅಂಜಿಕೆ ಇತ್ತು.

ಗಲಗಲಿಯಲ್ಲಿ ಉಂಡು, ಮಧ್ಯಾಹ್ನ ವೀರೇಶ ಕೃಷ್ಣೆಯ ದಂಡೆಯ ಬೇವಿನ ನೆರಳಲ್ಲಿ ಕೂತಿದ್ದ. ಹೊಳೆ ಮೇಲೆ ಗಾಳಿ ಇರಲಿಲ್ಲ. ಫೋನು ರಿಂಗಾಯಿತು. ಅವ್ವನ ನಂಬರು. ಕಿವಿಗಿಟ್ಟರೆ ಮೊದಲು ಏನೂ ಇಲ್ಲ, ಆಮೇಲೆ ಕೆಮ್ಮು, ಕೊನೆಗೆ ಆ ಸಿಳ್ಳಿನಂಥ ಎಳೆತ.

"ಲೇ ಈರ್ಯಾ," ಎಂದಿತು ದಪ್ಪ ದನಿ. "ಎಲ್ಲಿ ಅದೀಯೋ ಮಗನ?"

ಹೊತ್ತು ಇನ್ನೂ ನೆತ್ತಿಯಿಂದ ಸರಿದಿತ್ತಷ್ಟೇ. ಅಪ್ಪ ದೀಪ ಹಚ್ಚುವುದಕ್ಕೆ ಮೊದಲು ಎಂದೂ ಬಂದವನಲ್ಲ. ವೀರೇಶ ಎದ್ದು ನಿಂತ. ಅಷ್ಟರಲ್ಲಿ ಆ ಕಡೆ ಕಾವ್ಯ ಫೋನು ಕಸಿದುಕೊಂಡಿದ್ದಳು.

"ಅಪ್ಪಾ, ಆಯಿ ತಾನ ಅಂಗಡಿಗೆ ಹೋಗಿ ಶೆರೆ ತಂದಾಳ. ಸೆರಗ ಮುಖದ ಮ್ಯಾಲೆ ಎಳಕೊಂಡು ಹೋಗಿದ್ಲು. ಈಗ ಶೆಡ್ಡಿನ್ಯಾಗ ಕುಂತಾಳ. ನೀ ಬರೂಮಟಾ ನನ್ನ ಹೊರಗ ಬಿಡಂಗಿಲ್ಲಂತ."

ಮನೆಗೆ ಬಂದು ಸುದ್ದಿ ಹೇಳಿದರೆ, ಹೋಗಬೇಡಿ ಎಂದು ಮಧುಮತಿ ಕೈ ಹಿಡಿದಳು. ಮಗಳು ಅಲ್ಲಿದ್ದಾಳೆ ಎಂದ ವೀರೇಶ. ಅವಳು ಹಿಡಿದ ಕೈ ಬಿಟ್ಟಳು. ಹೊರಡುವ ಮುಂಚೆ ಅವನು ರಘೂತ್ತಮರಿಗೆ ಫೋನು ಮಾಡಿ ಎಲ್ಲ ಹೇಳಿದ. ದೆವ್ವದ ವಿಷಯ ತಮಗೆ ತಿಳಿಯದು, ಆದರೆ ಕೈಗೆ ಲೋಟ ಬಂದಾಗ ತಾವು ಯಾರೆಂಬುದನ್ನು ಮರೆತರೆ ಕೆಟ್ಟಿತು ಎಂಬುದು ಮಾತ್ರ ಗೊತ್ತು ಎಂದರು.

ಅವರು ಬನಹಟ್ಟಿ ಮುಟ್ಟಿದಾಗ ಬಿಸಿಲು ಹಳದಿಯಾಗಿತ್ತು. ಅಕ್ಕಪಕ್ಕದ ಮಗ್ಗಗಳೂ ಅಂದು ನಿಂತಿದ್ದವು, ಓಣಿ ಬಿಕೋ ಎನ್ನುತ್ತಿತ್ತು. ಶೆಡ್ಡಿನ ಬಾಗಿಲು ತೆರೆದೇ ಇತ್ತು. ಒಳಗೆ ಬೀಡಿಯ ವಾಸನೆ. ಕಾವ್ಯ ಒಂದು ಮೂಲೆಯಲ್ಲಿ ಗಣಿತದ ಪುಸ್ತಕ ಎದೆಗೆ ಅವಚಿಕೊಂಡು ಕೂತಿದ್ದಳು. ಮಗ್ಗದ ಮುಂದೆ, ಟವೆಲ್ಲಿನ ಒಳಗೆ, ಅದು ಕೂತಿತ್ತು. ಲೋಟ ಅರ್ಧವಾಗಿತ್ತು. ಹೆಜ್ಜೆಯ ಸದ್ದಿಗೆ ಟವೆಲ್ಲು ತಿರುಗಿತು. ಮುಖ ಕಾಣಲಿಲ್ಲ, ಲೋಟ ಹಿಡಿದ ಕೈ ಮಾತ್ರ ಮುಂದೆ ಬಂತು.

"ಹಿಡಿಯಲೇ. ಅಪ್ಪನ ಕೈ ತಡೀತಿಯೇನು?"

ಆ ವಾಸನೆ ಮೂಗಿಗೆ ಬಡಿದ ಕೂಡಲೇ ವೀರೇಶನ ಬಾಯಲ್ಲಿ ನೀರೂರಿತು. ಅವನ ಕೈ ತಾನಾಗಿಯೇ ಎದ್ದಿತು. ಮಧುಮತಿ ಅದನ್ನು ನೋಡಿದಳು. ಆ ಗಳಿಗೆಯಲ್ಲಿ ಅವಳು ಗಂಡನನ್ನು ಕಳೆದುಕೊಂಡೇಬಿಟ್ಟಿದ್ದಳು.

ವೀರೇಶ ಎದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. ಹಾಗೇ ನೆಲದ ಮೇಲೆ, ನೂಲಿನ ಕಸದ ನಡುವೆ ಕೂತ. ಸಭೆಯಲ್ಲಿ ಇಷ್ಟು ವಾರ ಬಾಯಿ ಬಿಡದವನು ಗಂಟಲು ಸರಿಮಾಡಿಕೊಂಡ.

"ನಾನು ವೀರೇಶ. ನಾನು ಕುಡುಕ."

ಯಾರೂ ಉತ್ತರ ಕೊಡಲಿಲ್ಲ. ಕೊಡಬೇಕಾದವರು ಜಮಖಂಡಿಯಲ್ಲಿದ್ದರು. ಆ ಮೌನ ಎಷ್ಟು ಬೆಳೆಯಿತೆಂದರೆ ಅವನು ಅದರಲ್ಲಿ ಮುಳುಗಿಹೋಗುತ್ತಾನೆ ಎನ್ನಿಸಿ ಮಧುಮತಿ ಅವನ ಪಕ್ಕದಲ್ಲಿ ಕೂತಳು. ಮದುವೆಯಲ್ಲಿ ಪ್ರಾಸ ಕಟ್ಟಿ ಹೇಳುವ ಒಡಪಿನೊಳಗೆ ಒಮ್ಮೆ ಹೇಳಿದ್ದು ಬಿಟ್ಟರೆ ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಇದೇ ಅತ್ತೆ ಕಲಿಸಿದ್ದಳು.

"ನಮಸ್ಕಾರ ವೀರೇಶ," ಎಂದಳು ಅವಳು.

ಮೂಲೆಯಿಂದ ಕಾವ್ಯ ಕೂಡ, ಅರ್ಥವಾಗದೆಯೇ, ಅದನ್ನೇ ಹೇಳಿದಳು. ಟವೆಲ್ಲಿನೊಳಗೆ ಉಸಿರು ಜೋರಾಯಿತು.

"ಇವತ್ತೊಂದಿನ ನಾ ಕುಡಿಯಂಗಿಲ್ಲ," ಎಂದ ವೀರೇಶ. "ನನ್ನ ಪಾಳಿ ಮುಗೀತು. ಈಗ ನಿಮ್ಮ ಪಾಳಿ. ಅಲ್ಲಿ ಹಂಗ ಐತಿ, ಕುಂತವರೆಲ್ಲಾ ಹೆಸರು ಹೇಳಬೇಕು. ನೀವು ಯಾರು?"

ಮೈಮೇಲೆ ಬಂದದ್ದನ್ನು ಯಾರೆಂದು ಕೇಳುವುದು ಹಳೆಯ ರೂಢಿ. ಈ ಮನೆಯಲ್ಲಿ ಮಾತ್ರ ಯಾರೂ ಕೇಳಿರಲಿಲ್ಲ. ಗೊತ್ತಿದ್ದದ್ದನ್ನು ಕೇಳುವುದೇಕೆ ಎಂದು ಬಿಟ್ಟಿದ್ದರು. ದಪ್ಪ ದನಿ ಏನೋ ಹೇಳಲು ಹೊರಟಿತು. ಕೆಮ್ಮಿತು. ಮತ್ತೆ ಹೊರಟಿತು. ಸತ್ತವನಿಗೆ ತನ್ನ ಹೆಸರು ಹೇಳುವುದು ಎಷ್ಟರ ಮಾತು? ಆದರೆ ಆ ಬಾಯಿ ಇಂದ್ರವ್ವನದು. ಲಗ್ನವಾಗಿ ಬಂದಂದಿನಿಂದ ಗಂಡನ ಹೆಸರನ್ನು ಎತ್ತದ ಬಾಯಿ. ರೇಷನ್ ಅಂಗಡಿಯಲ್ಲಿ ಕೂಡ ಮಗನ ಕಡೆ ಕೈ ತೋರಿಸಿ ಇವರಪ್ಪ ಎನ್ನುತ್ತಿದ್ದ ಬಾಯಿ. ಟವೆಲ್ಲಿನ ಅಂಚು ಸದ್ದಿಲ್ಲದೆ ಅಲುಗಿತು. ಹೆಸರು ಬರಲಿಲ್ಲ.

ಬಂದದ್ದು ಅಳು. ಟವೆಲ್ಲು ಜಾರಿ ಹೆಗಲ ಮೇಲೆ ಬಿತ್ತು. ಬೆವರಿನಿಂದ ತೊಯ್ದ, ಸಣ್ಣದಾದ, ಅರವತ್ತು ದಾಟಿದ ಹೆಂಗಸೊಬ್ಬಳ ಮುಖ ಕಂಡಿತು. ಅಲ್ಲಿಯವರೆಗೆ ಅವಳೊಳಗೆ ಅವನು ಖರೆ ಇದ್ದನೋ ಇಲ್ಲವೋ ನನ್ನನ್ನು ಕೇಳಬೇಡಿ. ಇಂದ್ರವ್ವನನ್ನು ಕೇಳಿದರೂ ಅವಳಿಗೆ ಹೇಳಲು ಬರುತ್ತಿರಲಿಲ್ಲ.

"ದಿನಾಲೂ ಮಗ್ಗ ನಿಂತ ಮ್ಯಾಲೆ ಅವರ ಕೊಡತಿದ್ರು," ಎಂದಳು ತನ್ನದೇ ದನಿಯಲ್ಲಿ. "ಮೈಕೈ ನೋವು ಹೊಕ್ಕೈತಿ ಕುಡಿ ಅಂತಿದ್ರು. ಯಾರಿಗೂ ಗೊತ್ತಾಗಲಾರದಂಗ, ತಮ್ಮ ಲೋಟದಾಗ. ಅವರು ಹೋದ ಮ್ಯಾಲೆ ನನಗ ಯಾರು ಕೊಡಬೇಕಿತ್ತೋ ಈರೇಶಾ? ನೀ ಬಿಟ್ಟ ಮ್ಯಾಲೆ ನಿನ್ನ ಬಾಟಲಿ ತಳದಾಗ ಉಳಿಯೂ ಹನಿನೂ ಹೋತು. ಮುದುಕಿ ಬಾಯಿಬಿಟ್ಟು ಕೇಳೂವಂಗಿತ್ತೇನು?"

ತಾನು ರಕ್ತ ಕಾರಿದ್ದು ಯಾರ ಕೈಯ ಪ್ರಸಾದದಿಂದ ಎಂದು ವೀರೇಶನಿಗೆ ಈಗ ಗೊತ್ತಾಗಿತ್ತು. ಇಂದ್ರವ್ವನಿಗೂ ಗೊತ್ತಾಗಿತ್ತು. ಮಧುಮತಿಗೆ ಎದ್ದು ಆ ಮುದುಕಿಯ ಕೆನ್ನೆಗೆ ಬಾರಿಸಬೇಕು ಎನ್ನಿಸಿತು, ಅದೇ ಉಸಿರಿನಲ್ಲಿ ಅವಳ ನಡುಗುವ ಕೈಯನ್ನು ಹಿಡಿದುಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡದೆ ಕೂತಳು. ಲೋಟ ಇನ್ನೂ ಇಂದ್ರವ್ವನ ಕೈಯಲ್ಲೇ ಇತ್ತು. ಅವಳು ಅದನ್ನು ನೋಡಿದಳು, ಬಾಗಿಲಾಚೆಯ ಖಾಲಿ ಓಣಿಯನ್ನು ನೋಡಿದಳು, ಮಗನನ್ನು ನೋಡಿದಳು.

"ನಾನು ಇಂದ್ರವ್ವ," ಎಂದಳು ಮೆಲ್ಲಗೆ. ಮುಂದಿನ ಮಾತು ಹೇಳಲು ನಾಲಿಗೆ ಏಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ಅಲ್ಲೆ ಸಭಾದಾಗ ಹೆಣ್ಣಮಕ್ಕಳನ್ನ ಕೂಡಿಸ್ಕೋತಾರೇನು?"